ಮಗ್ಗದ ಪಕ್ಕದ ಜಾಹೀರಾತು

ಮೊಳಕಾಲ್ಮೂರಿನ ರತ್ನಮ್ಮ ರೇಷ್ಮೆ ಸೀರೆ ನೇಯುತ್ತಿದ್ದರು. ಪಕ್ಕದ ಮೊಬೈಲಿನಲ್ಲಿ ಬರುತ್ತಿದ್ದ ಹಾಡು ನಡುವೆಯೇ ನಿಂತು, ಮಿಕ್ಸಿಯ ಜಾಹೀರಾತು ಕಿರುಚತೊಡಗಿತು. ಸೀರೆ ಕೊಳ್ಳಲು ಹೋಗಿದ್ದ ನಾನು ತಡೆಯಲಾರದೆ, “ಸ್ಕಿಪ್ ಒತ್ತಬಾರದೇನ್ರೀ?” ಎಂದೆ.

“ಎರಡೂ ಕೈ ಮಗ್ಗದ ಮ್ಯಾಲೇ ಅವೆ ಅಕ್ಕ. ಸಲಸಲಕ್ಕೂ ನಿಲ್ಸಿದ್ರೆ ಸೀರೆ ಯಾವಾಗ ಮುಗೀತೈತೆ? ದುಡ್ಡು ಕಟ್ಟಿದೋರಿಗೆ ಇದು ಬರಲ್ವಂತೆ,” ಎಂದರು ಅವರು, ಕಣ್ಣೆತ್ತದೆ. ಆಮೇಲೆ ಜಾಹೀರಾತಿನ ಕೊನೆಯ ಸಾಲನ್ನು ಮೊಬೈಲ್ ಹೇಳುವ ಮೊದಲೇ ತಾವೇ ಹೇಳಿ ಮುಗಿಸಿದರು. ನಗಲಿಲ್ಲ.

ಚಳ್ಳಕೆರೆಗೆ ಮರಳುವ ಬಸ್ಸಿನಲ್ಲಿ ನನ್ನ ಮೊಬೈಲಿಗೂ ಅದೇ ಮಿಕ್ಸಿ ಬಂತು. ಬೆರಳು ತಾನಾಗಿಯೇ ಸ್ಕಿಪ್ ಒತ್ತಿತು. ಈಗ ಹಾಗೆ ಒತ್ತಿದಾಗಲೆಲ್ಲ, ನಾನು ಕೇಳದೆ ಬಿಟ್ಟಿದ್ದನ್ನು ರತ್ನಮ್ಮ ಪೂರ್ತಿ ಕೇಳುತ್ತಿದ್ದಾರೆ ಎನಿಸಿ, ಯಾಕೋ ಸುಸ್ತಾಗುತ್ತದೆ.