ತೊಗರಿಯಲ್ಲಿ ಬೋರಮಾಳ

ಬಂಗಾರವೆಂದರೆ ನನಗೆ ಎಂದೂ ಅಷ್ಟಕ್ಕಷ್ಟೇ. ಮೈಮೇಲೆ ಹೇರಿಕೊಂಡರೆ ಕುತ್ತಿಗೆ ಕೆರೆತ, ಬಸ್ಸಿನಲ್ಲಿ ಭಯ, ಮನೆಯಲ್ಲಿಟ್ಟರೆ ನಿದ್ದೆಗೇಡು. ತಾಳಿ, ಕಾಲುಂಗುರ, ಕಿವಿಯಲ್ಲೊಂದು ಚಿಕ್ಕ ಹರಳು, ಇಷ್ಟರಲ್ಲೇ ಕಮಲಾಪುರದಿಂದ ಕಲಬುರಗಿಯ ಕಚೇರಿಗೆ ದಿನಾ ಹೋಗಿ ಬರುವವಳು ನಾನು. ಇಂಥವಳ ಮೇಲೆಯೇ ಬಂಗಾರ ಕದ್ದ ಆರೋಪ ಬಂತು. ನಗಬೇಕೋ ಅಳಬೇಕೋ ತಿಳಿಯದಂಥ ದಿನಗಳವು. ನಕ್ಕದ್ದಂತೂ ನೆನಪಿಲ್ಲ.

ಅದು ನಮ್ಮ ಅತ್ತೆಯವರ ಬೋರಮಾಳ ಸರ. ತೆಳ್ಳನೆಯ ಬಂಗಾರದ ಪುಟ್ಟ ಗುಂಡುಗಳು, ತೊಗರಿಕಾಳಿಗಿಂತ ತುಸು ದಪ್ಪ, ಒಳಗೆ ಅರಗು ತುಂಬಿ ರೇಷ್ಮೆ ದಾರದಲ್ಲಿ ಪೋಣಿಸಿದ್ದು. ಅವರ ತವರಿನಿಂದ ಬಂದದ್ದು. ಅದರ ಉಪಚಾರ ಬಾಣಂತಿಯ ಉಪಚಾರಕ್ಕೆ ಕಡಿಮೆಯಿಲ್ಲ. ಬಿಸಿನೀರು ತಾಗಿಸುವಂತಿಲ್ಲ, ಅರಗು ಕರಗಿ ಗುಂಡು ನೆಗ್ಗುತ್ತದೆ. ಬೆವರಿದ ಕತ್ತಿನಿಂದ ತೆಗೆದು ಹಾಗೇ ಇಡುವಂತಿಲ್ಲ. ಅಂಟುವಾಳದ ತಣ್ಣನೆಯ ನೊರೆಯಲ್ಲಿ ಅರಿವೆ ಅದ್ದಿ, ಒಂದೊಂದೇ ಗುಂಡನ್ನು ಒರೆಸಿ ನೆರಳಲ್ಲಿ ಆರಿಸಬೇಕು. ಯಾವ ಸೀರೆಗೆ ಯಾವ ಸರ, ಯಾರ ಮನೆಯ ಮದುವೆಗೆ ಎಷ್ಟು ಬಂಗಾರ, ಸಾವಿನ ಮನೆಗೆ ಹೊರಟಾಗ ಏನೇನು ತೆಗೆದಿಡಬೇಕು, ಎಲ್ಲಕ್ಕೂ ಅತ್ತೆಯವರಲ್ಲಿ ಕಟ್ಟಳೆಯಿತ್ತು. ನನ್ನನ್ನು ಕಂಡರೆ ಅವರಿಗೆ ಪ್ರೀತಿಯೇ. ನನ್ನ ಕತ್ತು ಕಂಡರೆ ಮಾತ್ರ ಸಿಟ್ಟು.

"ಬೋಳು ಕುತ್ತಿಗಿ ತಗೊಂಡು ಮಂದ್ಯಾಗ ಹ್ಯಾಂಗ ತಿರಗ್ತಿ? ನಮ್ಮ ಮನಿತನದ ಮಾರಿ ಮ್ಯಾಲ ಮಣ್ಣು ಹಾಕ್ತಿ ನೋಡು," ಎನ್ನುತ್ತಿದ್ದರು.

ಈಚೆಗೆ ಅವರ ನೆನಪು ಕೈಕೊಡತೊಡಗಿತ್ತು. ಐವತ್ತು ವರ್ಷದ ಹಿಂದಿನದು ನಿಚ್ಚಳ, ನಿನ್ನೆಯದು ಮಾಯ. ಊಟ ಮುಗಿಸಿ ಕೈ ತೊಳೆದು ಬಂದು, "ಇವತ್ತ ರೊಟ್ಟಿ ಬಡದಿಲ್ಲೇನು?" ಎಂದು ಕೇಳುವರು. ವಯಸ್ಸು ಎಂದುಕೊಂಡು ನಾವು ಸುಮ್ಮನಿದ್ದೆವು.

ಆ ಬಾರಿ ಮಹಾಗಾಂವದಲ್ಲಿ ನಮ್ಮ ಹತ್ತಿರದವರ ಮದುವೆ. ಅತ್ತೆಯವರ ಕಾಟ ತಾಳಲಾರದೆ ಬೋರಮಾಳ ಹಾಕಿಕೊಂಡು ಹೋದೆ. ಊಟ ಮಾಡುವಾಗಲೂ ಒಂದು ಕೈ ಕುತ್ತಿಗೆಯ ಮೇಲೆಯೇ. ಸಂಜೆ ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಸರ ಬಿಚ್ಚಿ ಅವರ ಕೈಗಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಒರೆಸುತ್ತ ಒಳಗೆ ಹೋದರು. ಇದನ್ನು ನಾನು ನನ್ನ ಕಣ್ಣಾರೆ ಕಂಡೆ. ಆದರೆ ಕಂಡವಳು ನಾನೊಬ್ಬಳೇ. ಮರುದಿನ ಅವರ ಕಣ್ಣಿನ ತಪಾಸಣೆಗೆಂದು ಎಲ್ಲರೂ ಮನೆಗೆ ಬೀಗ ಹಾಕಿ ಕೋಟನೂರಿನ ನಾದಿನಿಯ ಮನೆಗೆ ಹೋಗಿ ಕೆಲವು ದಿನ ಇದ್ದು ಬಂದೆವು.

ಬಂದ ಮೇಲೆ ಒಂದು ದಿನ ಅತ್ತೆ ಕೇಳಿದರು, "ಬೋರಮಾಳ ತಾ, ತೊಳದಿಡ್ತೀನಿ."

"ಮದಿವಿ ದಿನಾನೇ ನಿಮ್ಮ ಕೈಯಾಗ ಕೊಟ್ಟೀನಲ್ರಿ."

"ನನಗ್ಯಾವಾಗ ಕೊಟ್ಟಿ? ಕೊಳ್ಳಾಗ ಹಾಕ್ಕೊಂಡೇ ಒಳಗ ಹೋದಿ."

ಮೊದಲ ದಿನ ಇದನ್ನು ಮರೆವೆಂದೇ ತಿಳಿದು ತಮಾಷೆ ಮಾಡಿದೆ. ಎರಡನೆಯ ದಿನವೂ ಅದೇ ಮಾತು. ಆಮೇಲೆ ಪ್ರತಿದಿನ. ರೊಟ್ಟಿ ಮರೆಯುವ, ಮೊಮ್ಮಕ್ಕಳ ಹೆಸರು ಮರೆಯುವ ಆ ತಲೆಯಲ್ಲಿ ಈ ಒಂದು ಸುಳ್ಳು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಅವರ ಕಬ್ಬಿಣದ ಪೆಟ್ಟಿಗೆ, ದೇವರ ಜಗಲಿ, ಹಾಸಿಗೆಯ ಸುರುಳಿ, ಹಿಟ್ಟಿನ ಡಬ್ಬಿ, ಎಲ್ಲ ತೆಗೆದು ನೋಡಿದೆ. ಕಚೇರಿಯಲ್ಲಿ ಕೂತಾಗಲೂ ಮನಸ್ಸು ಮನೆಯ ಮೂಲೆಗಳನ್ನೇ ತಡಕುತ್ತಿತ್ತು. ಗಂಡನಿಗೆ ಹೇಳಿದರೆ, "ಅವ್ವಗ ವಯಸ್ಸಾಗ್ಯದ, ಮನಸ್ಸಿಗೆ ಹಚ್ಚಿಕೋಬ್ಯಾಡ," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಆಮೇಲೆ, "ನೀ ಖರೇನ ಕೊಟ್ಟೀಯಲ್ಲ?" ಎಂದು ಕೇಳಿದ. ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿ ಇವನು ನನ್ನನ್ನು ಕೇಳುವ ಪ್ರಶ್ನೆಯೇ ಇದು?

ಸುದ್ದಿ ಕೋಟನೂರಿಗೆ ಮುಟ್ಟಿತು. ನಾದಿನಿ ಬಂದಳು. ಜಗಳಗಂಟಿಯಲ್ಲ ಅವಳು, ನನ್ನ ಜೊತೆ ಚೆನ್ನಾಗಿಯೇ ಇದ್ದವಳು. ಬಂದು ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ನನ್ನ ಮುಖ ನೋಡದೆ, "ವೈನಿ, ಸಿಟ್ಟಾಗಬ್ಯಾಡ. ಎಲ್ಲಾರ ಕಪಾಟನೂ ನೋಡೂಣು. ಅವ್ವನ ಸಮಾಧಾನಕ್ಕ," ಎಂದಳು. ಎಲ್ಲರ ಕಪಾಟು ಎಂದರೆ ನನ್ನ ಕಪಾಟು. ಅವಳು ನನ್ನ ಸೀರೆಗಳ ಮಡಿಕೆಯ ನಡುವೆ ಕೈ ಹಾಕಿ ತಡಕುತ್ತಿದ್ದರೆ ನಾನು ಬಾಗಿಲಿಗೆ ಒರಗಿ ನಿಂತು ನೋಡಿದೆ. ಕಿರುಚಿ ಮನೆ ಎತ್ತಿ ಕುಣಿಯುವವಳು ನಾನು, ಅಂದು ಅವಳು ಕೆದರಿದ ಸೀರೆಗಳನ್ನು ಒಂದೊಂದಾಗಿ ಮತ್ತೆ ಮಡಿಸಿದೆ. ಏನೂ ಸಿಗಲಿಲ್ಲ ಎಂದಾಗ ಅವಳ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಹಾಗಾದರೆ ತವರಿಗೆ ಸಾಗಿಸಿರಬೇಕು ಎನ್ನುವ ಹೊಸ ಯೋಚನೆ ಕಂಡಿತು. ಅವತ್ತು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಈ ಮನೆಯಲ್ಲಿ ಇನ್ನು ನನ್ನ ಮಾತಿಗೆ ಬೆಲೆಯಿಲ್ಲ, ಆ ಸರ ಸಿಗದೆ ನನಗೆ ಉಳಿಗಾಲವಿಲ್ಲ ಅನಿಸಿತು.

ಮರುದಿನ ಕಚೇರಿಗೆ ರಜೆ ಹಾಕಿ ಜೋಳದ ಕಣಜಕ್ಕೆ ಇಳಿದೆ. ಊರಿಗೆ ಹೋಗುವಾಗ ಒಡವೆಯನ್ನು ಕಾಳಿನಲ್ಲಿ ಹೂಳಿಡುವುದು ನಮ್ಮ ಕಡೆ ಮುದುಕಿಯರ ರೂಢಿ. ಮೊಣಕೈವರೆಗೆ ಜೋಳದಲ್ಲಿ ಕೈಯಿಟ್ಟು ಕೆದಕುತ್ತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಏನು ಹುಡಕಾಕತ್ತೀದಿ?"

"ಬಂಗಾರ ಇಟ್ಟೀರೇನೋ ಅಂತ ನೋಡಾಕತ್ತೀನ್ರಿ."

ಅತ್ತೆ ನಕ್ಕರು. ಎಳೆಯ ಸೊಸೆಗೆ ಪಾಠ ಹೇಳುವ ನಗು. "ಹುಚ್ಚಿ, ಜ್ವಾಳದಾಗ ಯಾರರ ಬಂಗಾರ ಇಡ್ತಾರೇನು? ಹುಳ ಬೀಳಬಾರದಂತ ಪಾದರಸದ ಗುಳಿಗಿ ಹಾಕಿರ್ತೀವಿ. ಪಾದರಸ ತಾಗಿದ್ರ ಬಂಗಾರ ಬೆಳ್ಳಗ ಆಗ್ತದ. ತೊಗರ್ಯಾಗ ಇಡಬೇಕು."

ನನ್ನ ಕೈ ಜೋಳದೊಳಗೇ ನಿಂತಿತು. ನಿನ್ನೆ ರಾತ್ರಿಯವರೆಗೂ ನಡುಮನೆಯಲ್ಲಿ ತೊಗರಿಯ ಚೀಲಗಳು ಸಾಲಾಗಿ ನಿಂತಿದ್ದವು, ಒಂದರ ಬಾಯಿ ಹೊಲಿಯದೆ ಮನೆಖರ್ಚಿಗೆಂದು ಬಿಟ್ಟಿದ್ದೆವು. ಓಡಿ ಹೋಗಿ ನೋಡಿದರೆ ನಡುಮನೆ ಬಯಲು. ಬೆಳಿಗ್ಗೆ ಟೆಂಪೊ ಬಂದಿತ್ತು. ಧಾರಣೆ ಏರಿದೆಯೆಂದು ಗಂಡ ಅದೊಂದು ಚೀಲದ ಬಾಯಿಯನ್ನೂ ಹೊಲಿಸಿ ಎಲ್ಲವನ್ನೂ ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜ್‌ಗೆ ಕಳಿಸಿದ್ದ.

ಗಂಡ ಬೈಕ್ ಓಡಿಸುತ್ತಿದ್ದ, ನಾನು ಹಿಂದೆ ಕೂತು ಅವನಿಗೆ ಬಾಯಿಗೆ ಬಂದದ್ದೆಲ್ಲ ಬೈಯುತ್ತಿದ್ದೆ. ಗಾಳಿಗೆ ಅರ್ಧ ಕೇಳಿಸಿತೋ ಇಲ್ಲವೋ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಬೈಗುಳ ಮುಗಿದು ದೇವರಿಗೆ ಹರಕೆ ಶುರುವಾಯಿತು. ಕಲಬುರಗಿ ತಲುಪುವ ಹೊತ್ತಿಗೆ ಹರಕೆಗೆ ದೇವರುಗಳೂ ಉಳಿದಿರಲಿಲ್ಲ.

ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಮುಂದೆ ನಮ್ಮ ಚೀಲಗಳೆಲ್ಲ ಆಗಲೇ ಬಿಚ್ಚಿ ಸುರಿದು ಒಂದೇ ರಾಶಿ ಮಾಡಿದ್ದರು. ಕೆಂಪನೆಯ ತೊಗರಿ, ಸೊಂಟದೆತ್ತರ. ಖರೀದಿದಾರರು ಮುಷ್ಟಿಯಲ್ಲಿ ಕಾಳು ಹಿಡಿದು ನೋಡಿ ಹೋಗಿದ್ದರು, ಹಮಾಲರು ಮತ್ತೆ ಚೀಲ ತುಂಬಲು ನಿಂತಿದ್ದರು. ನಾನು ಅಂಗಡಿಯ ಲೆಕ್ಕ ನೋಡುವ ಮುನೀಮರ ಮುಂದೆ ಕೈಮುಗಿದೆ. ವಯಸ್ಸಾದ ಸಾಹೇಬರು ಅವರು.

"ಅರೆ ಬಾಯಿ, ಮಾಲ್ ಬಿಕ್ರಿ ಆಗ್ಯದ. ಇಷ್ಟು ದೊಡ್ಡ ಢೇರ್‌ನ್ಯಾಗ ಎಲ್ಲಿ ಹುಡಕ್ತೀರಿ?" ಎಂದರು.

"ಕಾಳು ಕಾಳು ನೋಡ್ತೀನ್ರಿ. ಸಿಗಲಿಲ್ಲಂದ್ರ ನಾ ಮನಿಗಿ ಹೋಗಂಗಿಲ್ಲ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ಠೈರೋ," ಎಂದು ಹಮಾಲರಿಗೆ ಕೈ ಮಾಡಿದರು.

ರಾಶಿಯ ಮುಂದೆ ಮೊಣಕಾಲೂರಿ ಕೂತೆ. ಕಚೇರಿಗೆ ಉಡುವ ಸೀರೆ, ಬಿಸಿಲು, ಧೂಳು, ಸುತ್ತ ಗಂಡಸರು, ಯಾವುದರ ಪರಿವೆಯೂ ಇರಲಿಲ್ಲ. ಮೊದಲು ಸಿಕ್ಕಿದ್ದು ತುಂಡಾದ ರೇಷ್ಮೆ ದಾರ, ತುದಿಗೆ ಕಚ್ಚಿಕೊಂಡಿದ್ದ ಒಂದೆರಡು ಗುಂಡು. ಹಮಾಲರ ಕೊಕ್ಕೆಗೆ ಸಿಕ್ಕಿ ಹರಿದಿರಬೇಕು. ಉಳಿದ ಗುಂಡುಗಳು ತೊಗರಿಯಲ್ಲಿ ಬೆರೆತು ಹೋಗಿದ್ದವು. ಸಿಕ್ಕಿತೆಂಬ ಸಂತೋಷ ಅರೆಕ್ಷಣದ್ದು. ಹಳೆಯ ಬಂಗಾರ ಹೊಳೆಯುವುದಿಲ್ಲ, ಕೆಂಪು ತೊಗರಿಯ ನಡುವೆ ಅದೂ ಒಂದು ಕಾಳೇ. ಜರಡಿ ಹಿಡಿದರೆ ಎರಡೂ ಮೇಲೆಯೇ ಉಳಿಯುತ್ತಿದ್ದವು. ಕಾಳು ಗುಡಿಸುವ ಹೆಂಗಸರು ಕೆಲಸ ಬಿಟ್ಟು ಬಂದು ನನ್ನ ಅಕ್ಕಪಕ್ಕ ಕೂತರು. "ಯಾರದವ್ವಾ?" ಎಂದು ಒಬ್ಬಳು ಕೇಳಿದಳು. ಅತ್ತೆಯದು ಎಂದೆ. "ಹಂಗಾದ್ರ ಹುಡಕಲೇಬೇಕು ಬಿಡು," ಎಂದು ಸೆರಗು ಸಿಕ್ಕಿಸಿದಳು. ಅವಳಿಗೆ ಬೇರೆ ವಿವರ ಬೇಕಾಗಲಿಲ್ಲ. ಗಂಡ ಒಂದು ಬದಿಯಿಂದ ಕಾಳು ಎಳೆದು ಹರವುತ್ತಿದ್ದ, ನಾವು ಬೆರಳಲ್ಲಿ ಆಯುತ್ತಿದ್ದೆವು. ಒಂದು ಸಿಕ್ಕಿದಾಗೆಲ್ಲ ನನಗೆ ಉಸಿರು ಬಂದಂತಾಗುತ್ತಿತ್ತು. ಕೆಲವು ನೆಗ್ಗಿ ಅರಗು ಹೊರಗೆ ಬಂದಿತ್ತು, ಕೆಲವು ಸಿಗಲೇ ಇಲ್ಲ. ರಾಶಿ ತಳಮುಟ್ಟಿದಾಗ ಒಂದು ಸರಕ್ಕೆ ಸಾಲುವಷ್ಟು ಗುಂಡುಗಳು ನನ್ನ ಸೆರಗಿನಲ್ಲಿದ್ದವು.

ಗಂಜ್‌ನ ಮೂಲೆಯ ಅಂಗಡಿಯಲ್ಲಿ ಕೆಂಪು ದಾರ ಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ನಾನೇ ಪೋಣಿಸಿದೆ. ಮನಸ್ಸು ಹಗುರಾಗಿತ್ತು. ಗಂಡ ಪಕ್ಕದಲ್ಲಿ ನಿಂತು, "ತಪ್ಪಾತು, ನಾ ನಿನಗ ಹಂಗ ಕೇಳಬಾರದಿತ್ತು," ಎಂದ. ನಾನು ಇನ್ನೊಂದು ಗುಂಡು ಪೋಣಿಸಿದೆ. ಮನೆಗೆ ಹೋಗಿ ಎಲ್ಲರ ಎದುರು ಇದನ್ನು ಇಡುವ ಗಳಿಗೆಯನ್ನೇ ನೆನೆಸಿಕೊಳ್ಳುತ್ತಿದ್ದೆ.

ಕಮಲಾಪುರ ತಲುಪಿದಾಗ ಇನ್ನೂ ಬೆಳಕಿತ್ತು. ನಾದಿನಿ ಹೋಗಿರಲಿಲ್ಲ. ಪಕ್ಕದ ಮನೆಯ ಹೆಂಗಸರೂ ಪಡಸಾಲೆಯಲ್ಲಿದ್ದರು. ಒಳ್ಳೆಯದಾಯಿತು, ಎಲ್ಲರೂ ನೋಡಲಿ ಅಂದುಕೊಂಡು ಅತ್ತೆಯವರ ಕೈಯಲ್ಲಿ ಸರ ಇಟ್ಟೆ. ಅವರು ಒಂದೊಂದೇ ಗುಂಡನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕಣ್ಣು ತುಂಬಿ ಬಂದವು.

"ನಾ ಹೇಳಲಿಲ್ಲೇನು, ಇಕಿ ಕಡೇನೇ ಅದ ಅಂತ!"

ಗಂಡ ಮುಂದೆ ಬಂದ. "ಅವ್ವಾ, ನೀನೇ ತೊಗರಿ ಚೀಲದಾಗ ಇಟ್ಟಿದ್ದಿ. ಗಂಜ್‌ನ್ಯಾಗ ರಾಶಿ ಕೆದರಿ ತಂದೀವಿ."

"ತೊಗರ್ಯಾಗ ನಾ ಯಾಕ ಇಡ್ಲಿ? ತಲಿ ಕೆಟ್ಟದೇನು ನನಗ? ಹೆಂಡ್ತಿ ಮಾನ ಉಳಸಾಕ ಸುಳ್ಳು ಹೇಳಬ್ಯಾಡ."

ಅವನು ನನ್ನ ಕಡೆ ನೋಡಿದ. ನಾದಿನಿ ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು, ನೆಲ ನೋಡಿದಳು. ನಂಬಿದಳೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಪಕ್ಕದ ಮನೆಯವರು ಪಿಸುಗುಟ್ಟತೊಡಗಿದರು.

ಅಷ್ಟರಲ್ಲಿ ಅತ್ತೆಯೇ ಎಲ್ಲರಿಗೂ ಕೈ ಅಡ್ಡ ಹಿಡಿದರು. "ಸಾಕು ಬಿಡ್ರಿ. ಆಕೀಗೆ ಯಾರೂ ಏನೂ ಅನಬ್ಯಾಡ್ರಿ. ಹೆಣ್ಣು ಜೀವ, ಆಸಿ ಆಗಿರ್ತದ. ನನ್ನ ಮುಂದ ಕೇಳಿದ್ರ ನಾ ಒಲ್ಲೆ ಅಂತಿದ್ನೇನು?" ಎಂದು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ, ಬರೀ ಪ್ರೀತಿ. "ಬಾ ಇಲ್ಲಿ. ಇವತ್ತಿನಿಂದ ಇದು ನಿಂದೇ."

ಸರವನ್ನು ನನ್ನ ಕೊರಳಿಗೆ ಹಾಕಲು ಎರಡೂ ಕೈ ಎತ್ತಿದರು. ಕುಗ್ಗಿದ ಜೀವ, ಕತ್ತಿನ ಹಿಂದೆ ಗಂಟು ಕಟ್ಟಲು ಅವರ ಕೈ ಎಟುಕಲಿಲ್ಲ. ನಾನು ತಲೆ ತಗ್ಗಿಸಿದೆ.

"ತಪ್ಪು ತಿಳೀತಲ್ಲ, ಅಷ್ಟು ಸಾಕು," ಎಂದು ಅತ್ತೆ ಗಂಟು ಬಿಗಿದರು.