ಏಳನೇ ಕೊಕ್ಕೆಯ ಕೀಲಿ

ಲಾರಿಯ ಕೀಲಿ ಕಳೆದು ಬಂದವರನ್ನು ಬೈಯುವುದು ನನ್ನ ಉದ್ಯೋಗದ ಅರ್ಧ ಭಾಗ. ಉಳಿದರ್ಧ, ಹೊಸ ಕೀಲಿ ಮಾಡಿಸುವುದು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಎರಣಾಕುಳದ ಪಕ್ಕದ ಕಳಮಶ್ಶೇರಿಯ ಒಂದು ಲಾರಿ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದೆ. ಹದಿನಾಲ್ಕು ಲಾರಿ, ಆಫೀಸಿನ ಗೋಡೆಯ ಮೇಲೊಂದು ಹಲಗೆ, ಹಲಗೆಯಲ್ಲಿ ಹದಿನಾಲ್ಕು ಕೊಕ್ಕೆ. ಡ್ರೈವರು ಹೊರಡುವಾಗ ತನ್ನ ಕೀಲಿ ತೆಗೆದುಕೊಳ್ಳಬೇಕು, ಬಂದ ಮೇಲೆ ಅದೇ ಕೊಕ್ಕೆಗೆ ತೂಗುಹಾಕಬೇಕು. ಪ್ರತಿ ಲಾರಿಯ ಎರಡನೆಯ ಕೀಲಿ ನನ್ನ ಕಪಾಟಿನಲ್ಲಿ. ಇಷ್ಟು ಸಣ್ಣ ಕೆಲಸ ಆ ಗಂಡಸರಿಗೆ ಆಗುತ್ತಿರಲಿಲ್ಲ. ಚೇರ್ತಲದಲ್ಲಿ ಸ್ನಾನಕ್ಕೆ ಇಳಿದು ಬಾವಿಗೆ ಬೀಳಿಸಿ ಬಂದವನೊಬ್ಬ, ಮಾವನ ಮನೆಯಲ್ಲಿ ಮರೆತು ಬಂದವನೊಬ್ಬ. ನಾನು ಬೈಯಲು ಶುರು ಮಾಡಿದರೆ ಮ್ಯಾನೇಜರು ಎದ್ದು ಹೊರಗೆ ಹೋಗುತ್ತಿದ್ದರು.

ಅಪ್ಪ ಕಾಸರಗೋಡಿನ ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತ. ಮನೆಯ ಉಪ್ಪಿನಕಾಯಿ ಭರಣಿಗೂ ಹೆಸರು ಬರೆದು ಚೀಟಿ ಅಂಟಿಸುತ್ತಿದ್ದ ಮನುಷ್ಯ. ಆ ಬುದ್ಧಿ ನನಗೂ ಬಂದಿತ್ತು. ಪ್ರತಿ ಕೀಲಿಗೂ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿಸಿ, ಅಕ್ಷರದ ಅಚ್ಚು, ಸುತ್ತಿಗೆ ಹಿಡಿದು, ಲಾರಿಯ ನಂಬರು ಮತ್ತು ನಮ್ಮ ಡಿಪೋದ ವಿಳಾಸವನ್ನು ನಾನೇ ಕುಟ್ಟಿದ್ದೆ. ಸಿಕ್ಕಿದವರು ತಂದುಕೊಡಲಿ ಅಂತ. ಎರಡು ಸಲ ಯಾರೋ ಪುಣ್ಯಾತ್ಮರು ತಂದುಕೊಟ್ಟದ್ದೂ ಉಂಟು. ತಂದುಕೊಡದವನ ಕೈಗೆ ಸಿಕ್ಕಿದರೆ ಅದು ಅವನಿಗೆ ದಾರಿ ತೋರಿಸುವ ಬೋರ್ಡು ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಏಳನೇ ನಂಬರಿನ ಡ್ರೈವರು ಮಂಜೇಶ್ವರದ ಕಡೆಯವನು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಉಳಿದವರೆಲ್ಲ ನನ್ನನ್ನು ಚೇಚಿ ಎಂದರೆ ಇವನು ಅಕ್ಕ ಎನ್ನುತ್ತಿದ್ದ. ನನ್ನ ಮನೆಯಲ್ಲಿ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಗಂಡನದು ಮೊದಲೇ ಮಾತು ಕಡಿಮೆ. ಅವರು ದುಡಿಯುತ್ತಿದ್ದ ಕಾರ್ಖಾನೆ ಲಾಕೌಟ್ ಆದ ಮೇಲೆ ಇನ್ನೂ ಕಡಿಮೆ. ಹಾಗಾಗಿ ಬಾಯಿ ತುಂಬ ಕನ್ನಡ ಮಾತಾಡಲು ನನಗಿದ್ದವನು ಇವನೊಬ್ಬನೇ. ಊರಿಗೆ ಹೋಗಿ ಬರುವಾಗ ಅವನ ಹೆಂಡತಿ ನನಗೆಂದು ಹಪ್ಪಳ ಕಟ್ಟಿ ಕೊಡುತ್ತಿದ್ದಳು. ನಾನು ಅವಳ ಮುಖ ನೋಡಿದವಳಲ್ಲ.

ಓಣಂ ಕಳೆದ ಮರುವಾರ ಅವನು ತಿರುವನಂತಪುರಕ್ಕೆ ಪ್ಲೈವುಡ್ ಇಳಿಸಿ ಬಂದ. ಕೀಲಿ ತೂಗುಹಾಕದೆ ನನ್ನ ಮೇಜಿನ ಎದುರು ನಿಂತ.

"ಅಕ್ಕ, ಕೀ ಹೋಯ್ತು."

"ಎಲ್ಲಿ ಹೋಯ್ತು ಮಾರಾಯ? ಕಾಲು ಬಂತಾ ಅದಕ್ಕೆ?"

"ಅಲ್ಲೇ, ತಂಪಾನೂರಲ್ಲಿ. ರೈಲು ಸ್ಟೇಷನಿನ ಎದುರು ಚಾ ಕುಡೀಲಿಕ್ಕೆ ಇಳಿದದ್ದು. ಗ್ಲಾಸಿನ ಹತ್ರವೇ ಇಟ್ಟಿದ್ದೆ. ಏಳುವಾಗ ಇಲ್ಲ. ಪಕ್ಕದಲ್ಲಿ ಕೂತವನೂ ಇಲ್ಲ."

ಅರ್ಧ ಇಳಿಸಿದ್ದ ಗಾಜಿನಿಂದ ಕೈ ಹಾಕಿ ಬಾಗಿಲು ತೆಗೆದು, ಎರಡು ವಯರು ಸೇರಿಸಿ ಗಾಡಿ ಚಾಲೂ ಮಾಡಿಕೊಂಡು ಬಂದಿದ್ದ. ಕಂಪನಿಯ ನಿಯಮ ಅವನಿಗೂ ಗೊತ್ತು, ನನಗೂ ಗೊತ್ತು. ಕೀಲಿ ಕಳೆದರೆ ಅದೇ ದಿನ ಬರೆದುಕೊಡಬೇಕು. ಎರಡನೆಯ ಸಲ ಕಳೆದವನಿಗೆ ಲಾರಿ ಇಲ್ಲ. ಇದು ಅವನ ಎರಡನೆಯ ಸಲ. ಬರೆದುಕೊಡಲು ಕಾಗದ ಹಿಡಿದೇ ನಿಂತಿದ್ದ. ಆ ಕಾಗದವನ್ನು ನಾನೇ ಕಸಿದುಕೊಂಡೆ.

"ಬಾಯಿ ಮುಚ್ಚಿಕೊಂಡು ಮನೆಗೆ ಹೋಗು. ನಾನು ನೋಡ್ತೇನೆ," ಅಂದೆ.

ಮರುದಿನ ಕಪಾಟಿನ ಕೀಲಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಸ್ಸು ಹತ್ತಿ ಪಾಲಾರಿವಟ್ಟಕ್ಕೆ ಹೋದೆ. ಅಲ್ಲಿನ ಜಂಕ್ಷನ್ನಿನಲ್ಲಿ, ಸೈಕಲ್ ಅಂಗಡಿಯ ಪಕ್ಕ, ನಮ್ಮ ಕೀಲಿಗಳನ್ನು ಮಾಡಿಕೊಡುವ ಮುದುಕನಿದ್ದ. ಕೀಲಿಯನ್ನು ಇಕ್ಕಳದಲ್ಲಿ ಸಿಕ್ಕಿಸಿ, ಪಕ್ಕದಲ್ಲಿ ಹಲ್ಲು ಕೊರೆಯದ ಹೊಸ ತುಂಡು ಸಿಕ್ಕಿಸಿ, ಅರದಲ್ಲಿ ತಿಕ್ಕುತ್ತ ತಿಕ್ಕುತ್ತ ಕೇಳಿದ, ಹೋದ ಕೀಲಿಯ ಜೊತೆ ಬಿಲ್ಲೆಯೂ ಹೋಯಿತಾ ಎಂದು. ಹೌದು ಅಂದೆ. ಅವನ ಕೈ ನಿಂತಿತು.

"ಚೇಚೀ, ತಾಕ್ಕೋಲ್ ಪೋಯಾಲ್ ಪೂಟ್ಟು ಮಾಟ್ಟಣಂ," ಅಂದ. ಕೀಲಿ ಹೋದರೆ ಬೀಗ ಬದಲಿಸಬೇಕು. ಕಳೆದ ಕೀಲಿ ಎಲ್ಲಿಯೂ ಹೋಗಿರುವುದಿಲ್ಲ, ಯಾರದೋ ಕಿಸೆಯಲ್ಲಿ ಇರುತ್ತದೆ ಎಂದೂ ಹೇಳಿದ.

ಬೀಗ ಬದಲಿಸಬೇಕಾದರೆ ವರ್ಕ್‌ಶಾಪಿಗೆ ಚೀಟಿ ಬರೆಯಬೇಕು, ಚೀಟಿಗೆ ಮ್ಯಾನೇಜರ ಸಹಿ ಬೇಕು. ನನಗೆ ಸಿಟ್ಟು ಬಂತು. ನಿನ್ನ ಕೆಲಸ ನೀನು ಮಾಡು ಅಂದೆ. ಕಪಾಟಿನ ಹಳೆಯ ಕೀಲಿಯನ್ನು ಡ್ರೈವರಿಗೆ ಕೊಟ್ಟು, ಹೊಸದನ್ನು ಕಪಾಟಿನಲ್ಲಿಟ್ಟೆ. ಲಾರಿಯ ಜೊತೆ ಕಾರ್ಖಾನೆಯಿಂದ ಬಂದ ಕೀಲಿಗಳ ತಲೆಯ ಮೇಲೆ ಸಣ್ಣ ನಂಬರು ಒತ್ತಿರುತ್ತದೆ. ಈ ಹೊಸದರ ತಲೆ ಬೋಳಾಗಿತ್ತು.

ಎರಡು ವಾರ ಕಳೆದು ಬೇರೊಬ್ಬ ಡ್ರೈವರು ಸುಮ್ಮನೆ ಮಾತಿಗೆ ಹೇಳಿದ: ತಂಪಾನೂರಿನಲ್ಲಿ ಯಾರೋ ಒಬ್ಬ, ಏಳನೇ ನಂಬರು ಈಗ ಈ ಕಡೆ ಬರುವುದಿಲ್ಲವಾ ಎಂದು ಕೇಳಿದನಂತೆ. ಆಮೇಲೆ ಒಂದು ಮಧ್ಯಾಹ್ನ ನಮ್ಮ ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬಿಳಿ ಶರಟಿನವನೊಬ್ಬ ನಿಂಬೆ ಸರಬತ್ತು ಕುಡಿಯುತ್ತ ನಮ್ಮ ಲಾರಿಗಳನ್ನೇ ನೋಡುತ್ತಿದ್ದ. ಸರಬತ್ತು ಮುಗಿದಿತ್ತು, ಅವನು ಗ್ಲಾಸು ಕೊಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಕತೆ ನನ್ನದು, ಕಂಡವರೆಲ್ಲ ಆ ಕೀಲಿ ಎತ್ತಿದವನೇ ಅನಿಸುತ್ತಿದ್ದರು. ಆಯುಧಪೂಜೆ ಒಂದು ಕಳೆಯಲಿ, ಏನಾದರೂ ನೆವ ಹೇಳಿ ಬೀಗ ಬದಲಿಸಿಬಿಡುವ ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮ ಕಡೆ ಆಯುಧಪೂಜೆಗೆ ಗಾಡಿಗೆ ಹೂ ಮುಡಿಸಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಆಗಲೇ ಓಡಿಸುತ್ತಾರೆ. ಆ ಡಿಪೋದ ಕ್ರಮ ಬೇರೆ. ಅಷ್ಟಮಿಯ ಸಂಜೆ ಎಲ್ಲ ಕೀಲಿಗಳನ್ನೂ, ಕಪಾಟಿನವನ್ನು ಸಹ, ದೇವಿಯ ಪಟದ ಎದುರು ಉರುಳಿ ಎಂಬ ಅಗಲದ ಹಿತ್ತಾಳೆ ಪಾತ್ರೆಯಲ್ಲಿ ಇಟ್ಟು ಕೆಂಪು ರೇಷ್ಮೆ ಪಟ್ಟೆ ಮುಚ್ಚುತ್ತಿದ್ದರು. ದಶಮಿಯ ಬೆಳಿಗ್ಗೆ ಪೂಜೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಕೀಲಿಯೆಲ್ಲ ದೇವಿಯ ಕೈಯಲ್ಲಿ ಇರುವಾಗ ಲಾರಿ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ ಎಲ್ಲರಿಗೂ. ಆ ವರ್ಷವೂ ಹಾಗೆಯೇ ಇಟ್ಟು, ಡಿಪೋದಲ್ಲಿ ಆ ವಾರವಷ್ಟೇ ಸೇರಿದ್ದ ಗೇಟಿನ ಕಾವಲುಗಾರನೊಬ್ಬನನ್ನು ಬಿಟ್ಟು ಮತ್ತೆಲ್ಲರೂ ಮನೆಗೆ ಹೋದರು.

ನವಮಿಯ ಹಗಲು ಹನ್ನೊಂದು ಗಂಟೆಗೆ, ಮರುದಿನಕ್ಕೆಂದು ಲೋಡು ತುಂಬಿ ನಿಲ್ಲಿಸಿದ್ದ ಏಳನೇ ನಂಬರು, ಬಿಳಿ ಶರಟಿನವನೊಬ್ಬನ ಕೈಯಲ್ಲಿ ಗೇಟು ದಾಟಿ ಹೋಯಿತು. ಗೇಟು ತೆಗೆದುಕೊಟ್ಟವನು ಆ ಕಾವಲುಗಾರನೇ. ಅವನ ತಪ್ಪಲ್ಲ. ಕೀಲಿ ಹಾಕಿ ಬಾಗಿಲು ತೆಗೆದು, ಕೀಲಿ ತಿರುಗಿಸಿ ಗಾಡಿ ಚಾಲೂ ಮಾಡಿದವನನ್ನು ಯಾರು ಕಳ್ಳ ಅನ್ನುತ್ತಾರೆ?

ದಶಮಿಯ ಬೆಳಿಗ್ಗೆ ಪಟ್ಟೆ ಸರಿಸಿದಾಗ ಉರುಳಿಯಲ್ಲಿ ಏಳನೇ ನಂಬರಿನ ಎರಡು ಕೀಲಿಯೂ ಇದ್ದವು. ಶೆಡ್ಡಿನಲ್ಲಿ ಲಾರಿ ಇರಲಿಲ್ಲ. ಮ್ಯಾನೇಜರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದರ ತಲೆ ಬೋಳು.

"ಇದು ನಮ್ಮ ಕೀಲಿಯಲ್ಲ. ಯಾರು ಮಾಡಿಸಿದ್ದು?"

ಹೊಸ ಶರಟು ಹಾಕಿ ಪೂಜೆಗೆ ಬಂದ ಡ್ರೈವರುಗಳೆಲ್ಲ ಸಾಲಾಗಿ ನಿಂತಿದ್ದರು. ನಾನು ಬಾಯಿ ತೆರೆಯಬೇಕಾಗಿತ್ತು. 'ಅವನು ಅದೇ ದಿನ ನನಗೆ ಹೇಳಿದ್ದ, ಮುಚ್ಚಿಟ್ಟವಳು ನಾನು.' ಇಷ್ಟೇ ಮಾತು. ಮನೆ ನಡೆಯುತ್ತಿದ್ದುದು ನನ್ನ ಒಬ್ಬಳ ದುಡಿಮೆಯಿಂದ. ನನ್ನ ನಾಲಗೆ, ಹದಿನಾಲ್ಕು ಡ್ರೈವರುಗಳನ್ನು ನಡುಗಿಸಿದ ನಾಲಗೆ, ಅಲ್ಲಾಡಲಿಲ್ಲ.

ಅವನು ನನ್ನ ಮುಖ ನೋಡಿದ. ಆಮೇಲೆ ಮ್ಯಾನೇಜರ ಕಡೆ ತಿರುಗಿ ಮಲಯಾಳದಲ್ಲಿ ಹೇಳಿದ: "ನಾನು ಸಾರೇ. ತಂಪಾನೂರಲ್ಲಿ ಕೀ ಕಳೆಯಿತು. ಚೇಚಿಗೆ ಗೊತ್ತಾಗದ ಹಾಗೆ ಕಪಾಟಿನದನ್ನು ತೆಗೆದು ನಾನೇ ಮಾಡಿಸಿದೆ."

ಪೊಲೀಸರು ಕೇಳಿದ್ದು ಒಂದೇ ಪ್ರಶ್ನೆ. ನಿಜವಾಗಿ ಕಳೆದಿದ್ದರೆ ಮುಚ್ಚಿಟ್ಟದ್ದು ಯಾಕೆ? ಕಳೆದದ್ದಲ್ಲ, ಕಳ್ಳನಿಗೆ ಕೊಟ್ಟದ್ದು ಎಂದು ಅವರ ಲೆಕ್ಕ. ಆ ಪ್ರಶ್ನೆಗೆ ಇದ್ದ ಒಂದೇ ಉತ್ತರ ನಾನು. ಜೀಪು ಹತ್ತುವಾಗ ನನ್ನ ಹತ್ತಿರ ಬಂದು ಕನ್ನಡದಲ್ಲಿ, "ಮನೆಗೆ ಒಂದು ಕಾಗದ ಹಾಕಿ ಅಕ್ಕ. ಹಬ್ಬಕ್ಕೆ ರಜೆ ಸಿಗಲಿಲ್ಲ ಅಂತ ಬರೆದರೆ ಸಾಕು," ಅಂದ. ಬರೆದೆ. ಆ ಸುಳ್ಳನ್ನೂ ಚಂದದ ಅಕ್ಷರದಲ್ಲಿ ಬರೆದೆ.

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು "ಈಗ ಹೇಳಿ ಎಂತ ಮಾಡುದು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ," ಅಂದರು. ನನಗೆ ಬೇಕಾಗಿದ್ದುದೂ ಅದೇ ಮಾತು. ಅದನ್ನೇ ಹಿಡಿದುಕೊಂಡು ಕೂತೆ.

ಲಾರಿ ಒಂದು ತಿಂಗಳ ಮೇಲೆ ಗಡಿಯ ಆರ್ಯಂಕಾವು ದಾಟಿ ತಮಿಳುನಾಡಿನ ರಸ್ತೆ ಬದಿಯಲ್ಲಿ ಸಿಕ್ಕಿತು. ಒಳಗೆ ಏನೂ ಇರಲಿಲ್ಲ, ಕೀಲಿಯೊಂದು ಸ್ವಿಚ್ಚಿನಲ್ಲೇ ಇತ್ತು. ಮ್ಯಾನೇಜರು ತಂದು ನನ್ನ ಮೇಜಿನ ಮೇಲಿಟ್ಟರು. ಬಿಲ್ಲೆಯ ಮೇಲೆ ನನ್ನದೇ ಕುಟ್ಟು, ಏಳರ ಕೊನೆ ಸ್ವಲ್ಪ ಓರೆ. ಅವನು ಬೇರೆ ಕೀಲಿ ಮಾಡಿಸಿ ಕಳ್ಳನಿಗೆ ಕೊಟ್ಟವನಲ್ಲ ಎಂಬುದಾದರೂ ಗೊತ್ತಾಯಿತು. ಇದನ್ನೇ ಕೊಟ್ಟನೋ, ಕಳೆದನೋ, ಅದನ್ನು ಕೀಲಿ ಹೇಳಲಾರದು. ಅಷ್ಟರಲ್ಲಿ ಸಾಕ್ಷಿ ಸಾಲದೆ ಪೊಲೀಸರು ಅವನನ್ನು ಬಿಟ್ಟಿದ್ದರು, ಕಂಪನಿ ಹೊರಗೆ ಹಾಕಿತ್ತು. ಕಳ್ಳನೆಂದು ಹೆಸರು ಬಿದ್ದವನಿಗೆ ಎರಣಾಕುಳದಲ್ಲಿ ಯಾರೂ ಲಾರಿ ಕೊಡಲಿಲ್ಲ. ಊರಿಗೆ ಹೋದನಂತೆ ಎಂದು ಯಾರೋ ಹೇಳಿದರು.

"ನಮ್ಮದೇ ಅಲ್ವಾ?" ಎಂದು ಮ್ಯಾನೇಜರು ಕೇಳಿದರು.

"ನಮ್ಮದೇ," ಅಂದೆ. ಏಳನೇ ಕೊಕ್ಕೆಗೆ ತೂಗುಹಾಕಿದೆ.

ಗಂಡನ ಕಾರ್ಖಾನೆ ಮರುವರ್ಷ ತೆರೆಯಿತು. ಅವರು ಕೆಲಸಕ್ಕೆ ಹೋದ ಮೊದಲ ದಿನವೇ ನಾನು ಮ್ಯಾನೇಜರ ಎದುರು ನಿಂತು ಎಲ್ಲ ಹೇಳಿದೆ. ಧೈರ್ಯ ಬಂದದ್ದು ಎಂತಹ ದಿನ ನೋಡಿ. ಬೈಯುತ್ತಾರೆ, ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಮುಗಿದುಹೋದ ವಿಷಯ, ಫೈಲು ಮುಚ್ಚಿದ್ದಾರೆ, ಹೋಗಿ ಕೆಲಸ ನೋಡಿ ಎಂದರು. ಅವತ್ತೇ ಮಂಜೇಶ್ವರದ ವಿಳಾಸಕ್ಕೆ ಉದ್ದದ ಕಾಗದ ಬರೆದೆ. ಕಳೆದ ಕೀಲಿ ಸಿಕ್ಕಿದೆ, ತಪ್ಪು ನನ್ನದು, ಎಲ್ಲರ ಎದುರು ಹೇಳಲು ಸಿದ್ಧಳಿದ್ದೇನೆ, ಒಮ್ಮೆ ಬಂದು ಹೋಗು ಎಂದು.

ಉತ್ತರ ಅವನ ಹೆಂಡತಿಯಿಂದ ಬಂತು. ದಪ್ಪ ಅಕ್ಷರ, ಪೆನ್ಸಿಲಿನಲ್ಲಿ ಬರೆದದ್ದು. ಕೆಲಸ ಸಿಗದೆ ಅವರು ಮಳೆಗಾಲಕ್ಕೆ ಮೊದಲು ಯಾರದೋ ಲಾಂಚಿನಲ್ಲಿ ಕದ್ದುಮುಚ್ಚಿ ದುಬಾಯಿಗೆ ಹೊರಟರು, ಲಾಂಚು ತಲುಪಿದ ಸುದ್ದಿ ಈವರೆಗೆ ಬಂದಿಲ್ಲ, ಜೊತೆಗೆ ಹೋದವರ ಮನೆಗಳಿಗೂ ಬಂದಿಲ್ಲ ಎಂದು ಬರೆದಿದ್ದಳು. ಕೆಳಗೆ, ಇನ್ನೂ ಜಾಗ ಉಳಿದಿತ್ತು ಎಂಬಂತೆ, ಎರಡು ಸಾಲು:

"ನೀವು ಕೀಲಿ ಅಂತ ಬರೆದದ್ದು ಅರ್ಥ ಆಗಲಿಲ್ಲ ಅಕ್ಕ, ಅವರು ನಮಗೆ ಯಾವ ಕೀಲಿಯ ಸುದ್ದಿಯೂ ಹೇಳಿಲ್ಲ. ಕಷ್ಟ ಬಂದರೆ ಕಳಮಶ್ಶೇರಿಯ ಅಕ್ಕನಿಗೆ ಬರಿ, ಅವರು ನಮ್ಮವರು ಅಂತ ಹೇಳಿ ಹೋಗಿದ್ದಾರೆ."