ನಾಲಿಗೆ ನೋಡಿ ಸಹಿ ಹಾಕುವ ಕಾನ್ಸಲ್

ಡಾಕ್ಟರ್ ಎಲೈಫಲೆಟ್ ಥಾರ್ಪ್ ಇಟಲಿಯ ಲಿವೋರ್ನೋ ಬಂದರಿನಲ್ಲಿ ಅಮೆರಿಕದ ಕಾನ್ಸಲ್, ಅಂದರೆ ಆ ದೇಶದ ಹಡಗು-ವ್ಯಾಪಾರ ನೋಡಿಕೊಳ್ಳುವ ಅಧಿಕಾರಿ, ಆಗಿದ್ದರು, ನಾನು ಅವರ ಗುಮಾಸ್ತ. ಒಂದೇ ಪತ್ರವನ್ನು ಮೂರು ಸಲ ಬರೆದು ಮೂರು ಹಡಗುಗಳಲ್ಲಿ ಕಳಿಸುವುದು ನನ್ನ ದೇಶಸೇವೆ. ಒಂದು ಮುಳುಗಿದರೆ ಇನ್ನೊಂದು ತಲುಪಲಿ ಎಂದು. ಮೂರೂ ತಲುಪಿದರೂ ಉತ್ತರ ಬರುತ್ತಿರಲಿಲ್ಲ. ನನ್ನ ಅಕ್ಷರ ಅಷ್ಟು ಚೆಂದ.

ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಎದ್ದ ವರ್ಷ ಅವರು ಹಗಲಿರುಳು ರೋಗಿಗಳನ್ನು ನೋಡಿದ್ದರು. ಅದೇ ಜ್ವರ ಅವರ ಹೆಂಡತಿಯನ್ನು ಒಯ್ದಿತು. ಆಮೇಲೆ ಯಾರ ನಾಡಿ ಹಿಡಿಯಲೂ ಮನಸ್ಸಾಗದೆ, ಸ್ನೇಹಿತರು ಕೊಡಿಸಿದ ಈ ಕೆಲಸಕ್ಕೆ ಒಪ್ಪಿ, ಐದು ವರ್ಷದ ಮಗಳು ಮೆಹಿಟಬಲ್‌ಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದರು. ಎರಡು ವರ್ಷದ ಮಾತು ಒಂಬತ್ತಾಯಿತು.

ಹೊರಡುವ ಹಡಗಿಗೆಲ್ಲ, ಅದರಲ್ಲಿ ಅಂಟುರೋಗವಿಲ್ಲ ಎನ್ನುವ ಕಾನ್ಸಲರ ಆರೋಗ್ಯ ಪತ್ರ ಬೇಕು. ಬೇರೆ ಕಾನ್ಸಲರು ಕಾಗದ ನೋಡಿ ಸಹಿ ಹಾಕುತ್ತಿದ್ದರು. ನಮ್ಮವರು ನಾವಿಕರ ನಾಲಿಗೆ ನೋಡುತ್ತಿದ್ದರು. ನಾಡಿ ಹಿಡಿಯುವುದು ಬಿಟ್ಟರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

೧೮೦೩ರ ಅಕ್ಟೋಬರಿನಲ್ಲಿ ಊರಿಗೆ ಮರಳಲು ಅಪ್ಪಣೆ ಬಂತು. ಚಳಿಗಾಲಕ್ಕೆ ಮುಂಚೆ ಅಮೆರಿಕಕ್ಕೆ ಹೊರಡುವುದು ಒಂದೇ ಹಡಗು. ಅವರ ಪೆಟ್ಟಿಗೆ ಹತ್ತಿಸಿಯಾಗಿತ್ತು. ನನ್ನದೂ, ಅಮ್ಮನ ಮುಂದೆ ಜಂಭ ಕೊಚ್ಚಲು ಕೊಂಡ ರೇಷ್ಮೆ ಅಂಗಿಯ ಸಮೇತ.

ಹಡಗು ಹತ್ತಿದ ಕೂಡಲೇ ಕ್ಯಾಪ್ಟನ್ ಬಾರ್ನಬಸ್ ಕೋಲ್ ಆರೋಗ್ಯ ಪತ್ರ ಚಾಚಿದ.

"ಸಹಿ ಹಾಕ್ಬಿಡಿ ಡಾಕ್ಟ್ರೇ. ಗಾಳಿ ಚೆನ್ನಾಗಿದೆ."

"ನಿನ್ ಹುಡುಗ್ರ ನಾಲಿಗೆ ನೋಡ್ಬೇಕಲ್ಲಪ್ಪ."

"ಇವತ್ತೂನಾ? ನೀವೇ ಹೋಗೋ ಹಡಗಲ್ವಾ?"

"ಅದಕ್ಕೇ."

ಹದಿನೇಳು ನಾಲಿಗೆಗಳಾದವು. ಹದಿನೆಂಟನೆಯವನು, ಅಡುಗೆಯ ಸೈಲಸ್, ಕೆಳಗೆ ಮಲಗಿದ್ದ.

"ರಾತ್ರಿ ಕುಡಿದಿದ್ದು ಇನ್ನೂ ಇಳಿದಿಲ್ಲ ಅವನಿಗೆ. ಹವಾನಾದಲ್ಲಿ ಕಲಿತ ಚಟ," ಎಂದ ಕೋಲ್. ಹವಾನಾ ಹಳದಿ ಜ್ವರದ ತವರು.

ಡಾಕ್ಟರು ಬಾಗಿ ಸೈಲಸನ ಕಣ್ಣರೆಪ್ಪೆ ಎತ್ತಿದರು. ಕಣ್ಣು ಅರಿಶಿನವಾಗಿತ್ತು. ರೆಪ್ಪೆಯ ಮೇಲಿಟ್ಟ ಬೆರಳನ್ನು ಅವರು ಬಹಳ ಹೊತ್ತು ತೆಗೆಯಲಿಲ್ಲ.

"ಬರೀ ಕಾಮಾಲೆ ಇರ್ಬಹುದಲ್ವಾ ಸಾರ್?" ಎಂದೆ. ನನಗೆ ಗೊತ್ತಿದ್ದ ವೈದ್ಯವಿದ್ಯೆ ಅಷ್ಟೇ, ಅದನ್ನೂ ಕಲಿಸಿದ್ದು ಊರಿಗೆ ಹೊರಟ ರೇಷ್ಮೆ ಅಂಗಿ.

"ಇರ್ಬಹುದು. ನನ್ ಹೆಂಡ್ತಿಗೂ ಹಾಗೇ ಹೇಳಿದ್ದೆ."

ಪತ್ರಕ್ಕೆ ಸಹಿ ಬೀಳಲಿಲ್ಲ. ರೋಗ ಹರಡದಂತೆ ಹಡಗು ಬಂದರಿನಾಚೆ ನಲವತ್ತು ದಿನ ನಿಲ್ಲಬೇಕು, ಹತ್ತಿದ ನಾವೂ ಸೇರಿ ಯಾರೂ ಇಳಿಯುವಂತಿಲ್ಲ. ಅಷ್ಟರಲ್ಲಿ ಬಿರುಗಾಳಿಯ ಕಾಲ, ವಸಂತದವರೆಗೆ ಪ್ರಯಾಣವಿಲ್ಲ.

"ಮಗಳಿಗೆ ಏನಂತ ಹೇಳ್ತೀರಿ ಈಗ?" ಕೋಲ್ ಹಲ್ಲು ಕಡಿದ.

"ಇವನು ಬರೀತಾನೆ," ಎಂದರು ನನ್ನ ಕಡೆ ನೋಡದೆ. "ಮೂರು ನಕಲು."

ಡಾಕ್ಟರು ಕಾನ್ಸಲರ ಹಿತ್ತಾಳೆ ಗುಂಡಿಯ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರು. ಸೈಲಸನ ಪಕ್ಕ ಕುಳಿತು, ಒಂಬತ್ತು ವರ್ಷಗಳ ಮೇಲೆ ಮೊದಲ ಸಲ, ಒಬ್ಬರ ನಾಡಿ ಹಿಡಿದರು.

ನಾನು ಪೆಟ್ಟಿಗೆಯ ಮೇಲೆ ಕೂತು ಪತ್ರ ಬರೆದೆ. ಮೂರರಲ್ಲೂ ಒಂದು ತಪ್ಪಿಲ್ಲ. ಒಯ್ಯಲು ಹಡಗು ಮಾತ್ರ ಇರಲಿಲ್ಲ.